ಗಡಿಯಾರದ ಕ್ಲಿಕ್‌ಗೆ ಯಾವ ಉಕ್ಕು? ನೀರಿಗೆ ಹಾಕಿದ ತಕ್ಷಣ ಬಿರುಕು ಬಿಟ್ಟಿತು

ಗಡಿಯಾರ ಮೇಜು, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಚಿಕ್ಕ ಗಡಿಯಾರ ಗೋಪುರದ ಆಸುಪಾಸಿನಲ್ಲೇ ಬೆಳೆದವನು ನಾನು. ಸಂಜೆ ಹೊತ್ತು ಹಳೆಯ ಕೀ ಕೊಡುವ ಗೋಡೆ ಗಡಿಯಾರಗಳನ್ನು ರಿಪೇರಿ ಮಾಡುತ್ತೇನೆ. ಈಗ ಕೈಯಲ್ಲಿರುವುದು ನಮ್ಮ ಸೋದರತ್ತೆಯ ಮನೆಯ ಗಡಿಯಾರ. ಅದರ ಕ್ಲಿಕ್ ಸವೆದು ಹೋಗಿತ್ತು. ಕೀ ತಿರುಗಿಸುವಾಗ ಟಕ್ ಟಕ್ ಅನ್ನುತ್ತದಲ್ಲ, ಆ ಸದ್ದು ಮಾಡುವ ಸಣ್ಣ ಕೊಕ್ಕೆ. ಹಲ್ಲಿನ ಚಕ್ರ ಹಿಂದಕ್ಕೆ ತಿರುಗದ ಹಾಗೆ ತಡೆಯುವುದು ಅದೇ. ಎಂಟು ದಿನ ಓಡುವ ಸ್ಪ್ರಿಂಗ್‌ನ ಪೂರ್ತಿ ಬಲ ಅದರ ಮೂತಿಯ ಮೇಲೆ ನಿಂತಿರುತ್ತದೆ.

ಮೊದಲು ಒಂದು ಎಂ.ಎಸ್. ಪಟ್ಟಿಯಲ್ಲಿ, ಅಂದರೆ ಸಾಮಾನ್ಯ ಮೆದು ಉಕ್ಕಿನಲ್ಲಿ (ಮೈಲ್ಡ್ ಸ್ಟೀಲ್), ಮಾಡಿದೆ. ಕೆಂಪಗೆ ಕಾಯಿಸಿ ನೀರಿಗೂ ಹಾಕಿದ್ದೆ. ಮೂರು ತಿಂಗಳಿಗೆ ಮೂತಿ ದುಂಡಗಾಯಿತು. ಒಂದು ಭಾನುವಾರ ಕೀ ಕೊಡುವಾಗ ಜಾರಿ, ಕೀ ಗಿರ್ರನೆ ಹಿಂದಕ್ಕೆ ತಿರುಗಿ ಹೆಬ್ಬೆರಳಿಗೆ ಹೊಡೆಯಿತು. ಉಗುರು ಇನ್ನೂ ಕಪ್ಪಗಿದೆ.

ಎರಡನೆಯದನ್ನು ಹಳೆಯ ಅರದಿಂದ ಮಾಡಿದೆ. ಅರ ಅಂದರೆ ಒಳ್ಳೆ ಉಕ್ಕು ಅಲ್ವಾ ಅಂದುಕೊಂಡೆ. ಎರಡು ಸಂಜೆ ಕೂತು ಆಕಾರ ತಂದೆ. ಗ್ಯಾಸ್ ಟಾರ್ಚ್‌ನಲ್ಲಿ ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸಿ ಬಕೆಟ್ ನೀರಿಗೆ ಹಾಕಿದೆ. ಒಳಗಿನಿಂದ ಟಿಣ್ ಅಂತ ಒಂದು ಸದ್ದು ಬಂತು. ತೆಗೆದು ನೋಡಿದರೆ ಒಳಮೂಲೆಯಿಂದ ಕೂದಲೆಳೆಯಷ್ಟು ಬಿರುಕು. ಬೆರಳಲ್ಲಿ ಒತ್ತಿದರೆ ಎರಡು ತುಂಡು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬೇಕಾಗಿರುವುದು 18 ಮಿ.ಮೀ. ಉದ್ದ, 3 ಮಿ.ಮೀ. ದಪ್ಪದ ತುಂಡು. ಯಾವ ಉಕ್ಕು ತರಲಿ? ಮನೆಯಲ್ಲೇ ಹೇಗೆ ಹದ ಹಾಕಲಿ?

ಟೂಲ್‌ರೂಮ್, ಹೆಬ್ಬಾಳ ಮೈಸೂರು

ಬೆರಳು ಹುಷಾರು ಸರ್. ನಾನು 34 ವರ್ಷ ಟೂಲ್‌ರೂಮಿನಲ್ಲಿ ಡೈ, ಪಂಚ್ ಮಾಡಿದವನು. ನಿಮ್ಮ ಎರಡೂ ತುಂಡು ಯಾಕೆ ಕೆಟ್ಟವು ಅಂತ ಮೊದಲು ಹೇಳಿಬಿಡುತ್ತೇನೆ.

ಎಂ.ಎಸ್. ನಲ್ಲಿ ಇಂಗಾಲ ಸುಮಾರು ಶೇ. 0.2. ಅಷ್ಟಕ್ಕೆ ಅದು ಎಷ್ಟು ಕಾಯಿಸಿದರೂ, ಯಾವ ನೀರಿಗೆ ಹಾಕಿದರೂ, ನಿಮಗೆ ಬೇಕಾದ ಗಡಸು ಬರುವುದಿಲ್ಲ. ಸುಮಾರು ಶೇ. 0.3 ದಾಟಿದ ಮೇಲೆ ಮಾತ್ರ ಹಾರ್ಡನಿಂಗ್‌ಗೆ, ಅಂದರೆ ಕಾಯಿಸಿ ಅದ್ದಿ ಗಡಸು ಮಾಡುವುದಕ್ಕೆ, ಅರ್ಥ. ಮೂತಿ ಸವೆಯಬಾರದು ಅಂದರೆ ಇನ್ನೂ ಜಾಸ್ತಿ ಬೇಕು.

ಅರದ ಕತೆ ಉಲ್ಟಾ. ಅದರಲ್ಲಿ ಇಂಗಾಲ ಶೇ. 1.2ರ ಹತ್ತಿರ. ಗಡಸು ಬೇಕಾದಷ್ಟು ಬರುತ್ತದೆ, ಆದರೆ ಗಾಜಿನ ಹಾಗೆ ಪೆಡಸು. ನೀವು ಕಿತ್ತಳೆವರೆಗೆ ಕಾಯಿಸಿದಿರಿ, ಅದು ವಿಪರೀತ ಆಯಿತು. ತಣ್ಣೀರಿಗೆ ಹಾಕಿದಿರಿ. ಒಳಮೂಲೆಯನ್ನು ಅರದ ಅಂಚಿನಿಂದ ಚೂಪಾಗಿ ಕತ್ತರಿಸಿದ್ದೀರಿ ಅಂತ ಕಾಣುತ್ತೆ. ಹಳೆಯ ಅರದ ಹಲ್ಲಿನ ಗೀರು ಪೂರ್ತಿ ಹೋಗಿರದಿದ್ದರೆ ಬಿರುಕಿಗೆ ಅದೂ ಒಂದು ದಾರಿ. ಇದರಲ್ಲಿ ಯಾವುದಾದರೂ ಒಂದೇ ಸಾಕಿತ್ತು.

ಈಗ ಯಾವುದು ತರಬೇಕು. ಓ.ಎಚ್.ಎನ್.ಎಸ್. ಅಂತ ಕೇಳಿ. ಎಣ್ಣೆಯಲ್ಲಿ ಗಡಸಾಗುವ, ಆಕಾರ ಕೆಡದ ಉಕ್ಕು. ಇಂಗಾಲ ಶೇ. 0.9ರ ಆಸುಪಾಸು, ಜೊತೆಗೆ ಮ್ಯಾಂಗನೀಸ್, ಸ್ವಲ್ಪ ಕ್ರೋಮಿಯಂ, ಟಂಗ್‌ಸ್ಟನ್. ನಿಮ್ಮ ಕ್ಲಿಕ್‌ಗೆ ಹೇಳಿ ಮಾಡಿಸಿದ ಹಾಗಿದೆ. ದುಂಡು ಪಿನ್ ಬೇಕಾದರೆ ಸಿಲ್ವರ್ ಸ್ಟೀಲ್ ರಾಡ್ ತಗೊಳ್ಳಿ. ಹೆಸರಲ್ಲಿ ಬೆಳ್ಳಿ ಇದೆ, ಒಳಗೆ ಇಲ್ಲ. ಗ್ರೈಂಡ್ ಮಾಡಿ ಹೊಳಪು ಬಂದಿರುತ್ತದೆ ಅಷ್ಟೆ. ಇಎನ್ 8 ಅನ್ನುವ ಮಧ್ಯಮ ಇಂಗಾಲದ ಉಕ್ಕು ಶಾಫ್ಟ್‌ಗೆ ಸರಿ, ಸಣ್ಣ ಮೂತಿಗೆ ಕಡಿಮೆಯಾಯಿತು. ಡಿ2 ಅನ್ನುವ ಡೈ ಉಕ್ಕು ಮುಟ್ಟಬೇಡಿ, ಅದಕ್ಕೆ 1000 ಡಿಗ್ರಿ ದಾಟಬೇಕು, ನಿಮ್ಮ ಟಾರ್ಚ್‌ನಲ್ಲಿ ಆಗುವ ಮಾತಲ್ಲ.

ಮುಖ್ಯವಾದ ಮಾತು: ಹೆಸರು ಗೊತ್ತಿರುವ ಉಕ್ಕನ್ನೇ ತನ್ನಿ. ಗುಜರಿಯಿಂದ ತಂದ ತುಂಡು ಏನು ಅಂತ ಯಾರಿಗೂ ಗೊತ್ತಿಲ್ಲ. ಎರಡು ಸಂಜೆಯ ಕೆಲಸವನ್ನು ಅದರ ಮೇಲೆ ಹಾಕಬೇಡಿ.

ಕುಲುಮೆ ಹುಡುಗ, ಮಂಡ್ಯ

ಟೂಲ್‌ರೂಮ್ ಸರ್ ಮಾತಿಗೆ ಗೌರವ ಇದೆ. ಆದರೆ ಗುಜರಿ ಉಕ್ಕು ಬೇಡವೇ ಬೇಡ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ನಮ್ಮ ತಾತ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಚ್ಚು, ಕುಡುಗೋಲು, ಕಬ್ಬು ಕಡಿಯುವ ಕತ್ತಿ ಮಾಡಿಕೊಂಡೇ ನಮ್ಮನ್ನೆಲ್ಲ ಸಾಕಿದರು. ಒಂದೂ ವಾಪಸ್ ಬಂದಿದ್ದು ನಾನು ನೋಡಿಲ್ಲ.

ಯಾಕೆ ಅಂದರೆ ತಾತ ಯಾವ ಪಟ್ಟಿಯನ್ನೂ ಸುಮ್ನೆ ನಂಬುತ್ತಿರಲಿಲ್ಲ. ಮೊದಲು ಸಾಣೆ ಕಲ್ಲಿಗೆ ಹಿಡಿದು ಕಿಡಿ ನೋಡುತ್ತಿದ್ದರು. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗುತ್ತದೆ. ಇಂಗಾಲ ಇರುವ ಉಕ್ಕಿನ ಕಿಡಿ ದೀಪಾವಳಿಯ ಸುರುಸುರುಬತ್ತಿ ಹಾಗೆ ತುದಿಯಲ್ಲಿ ಸಿಡಿಯುತ್ತದೆ. ಆಮೇಲೆ ಬೆರಳಷ್ಟು ತುಂಡು ಕತ್ತರಿಸಿ, ಕಾಯಿಸಿ, ಅದ್ದಿ, ಅರ ಆಡಿಸುತ್ತಿದ್ದರು. ಅರ ಕಚ್ಚದೆ ಜಾರಿದರೆ ಸರಿ. ಕೊನೆಗೆ ಆ ತುಂಡನ್ನು ಅಡಿಗಲ್ಲಿನ ಮೇಲಿಟ್ಟು ಮುರಿಯುವುದು. ಒಳಗೆ ಬೂದು ಬಣ್ಣ, ಮಕಮಲ್ ಹಾಗೆ ನುಣುಪು ಇದ್ದರೆ ಕಾವು ಸರಿಯಾಗಿತ್ತು ಅಂತ. ಕಲ್ಲುಸಕ್ಕರೆ ಹಾಗೆ ಹರಳು ಹರಳಾಗಿ ಮಿಂಚಿದರೆ ಕಾವು ಹೆಚ್ಚಾಯಿತು ಅಂತ. ನಿಮ್ಮ ಮುರಿದ ಕ್ಲಿಕ್ ಇನ್ನೂ ಇದ್ದರೆ ಒಳಗೆ ನೋಡಿ ಅಣ್ಣ.

ಅದ್ದಿದ ಉಕ್ಕಿನ ಪೆಡಸು ತಗ್ಗಿಸಲು ಹದ ಇಳಿಸುವುದನ್ನು ನೋಡುವುದೇ ಒಂದು ಚಂದ. ಉಳಿಯ ತುದಿಯನ್ನು ಮಾತ್ರ ಎರಡು ಬೆರಳು ಆಳಕ್ಕೆ ಅದ್ದಿ ತಕ್ಷಣ ತೆಗೆಯುತ್ತಿದ್ದರು. ಹಿಂಭಾಗ ಇನ್ನೂ ಕೆಂಪಗೇ ಇರುತ್ತಿತ್ತು. ತುದಿಯನ್ನು ಕಲ್ಲಿನ ತುಂಡಿನಿಂದ ಎರಡು ಸಲ ಗಸಗಸ ಉಜ್ಜಿದರೆ ಬೆಳ್ಳಗೆ ಆಗುತ್ತದೆ. ಹಿಂದಿನ ಕಾವು ಮುಂದಕ್ಕೆ ಹರಿದು ಬರುವಾಗ ಆ ಬಿಳುಪಿನ ಮೇಲೆ ಬಣ್ಣ ಓಡಿ ಬರುತ್ತದೆ. ಮುಂದೆ ಒಣಹುಲ್ಲಿನ ಬಣ್ಣ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಆಮೇಲೆ ನೀಲಿ. ಹುಲ್ಲಿನ ಬಣ್ಣ ತುದಿ ಮುಟ್ಟಿದ ಕ್ಷಣ ಮತ್ತೆ ಪೂರ್ತಿ ಅದ್ದುವುದು. ಆಲೆಮನೆಯಲ್ಲಿ ಪಾಕ ನೋಡುವವರು ಕೊಪ್ಪರಿಗೆಯಿಂದ ಕಣ್ಣು ತೆಗೆಯುವುದಿಲ್ಲವಲ್ಲ, ಹಾಗೆ. ಒಂದು ಉಸಿರು ತಡವಾದರೆ ಹದ ಹೋಯಿತು.

ಬೀಟೆ ಕೆತ್ತನೆ, ಮೈಸೂರು

ಕುಲುಮೆಯವರು ಬರೆದದ್ದು ಓದಿ ತುಂಬ ಖುಷಿಯಾಯಿತು. ನಾನು ಬೀಟೆ ಮರದಲ್ಲಿ ಇನ್ಲೇ ಕೆಲಸ, ಅಂದರೆ ಮರದಲ್ಲಿ ಗೂಡು ತೋಡಿ ಚಿತ್ರದ ತುಂಡು ಕೂರಿಸುವ ಕೆಲಸ, ಮಾಡುವವಳು. ಗೂಡು ತೋಡುವುದಕ್ಕೆ 2 ಮಿ.ಮೀ., 3 ಮಿ.ಮೀ. ಉಳಿಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಬೀಟೆ ಗಟ್ಟಿ ಮರ, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ.

ನನ್ನ ಅನುಭವ ಎರಡು. ಮೊದಲನೆಯದು, ಹದ ಹಾಕಿದ ಉಳಿಯನ್ನು ಬೆಂಚ್ ಗ್ರೈಂಡರ್‌ಗೆ ಹಿಡಿದೆ. ಬಾಯಿ ತೆಳು ಇತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ತುದಿಗೆ ನೀಲಿ ಬಂತು. ಅಷ್ಟು ಭಾಗದ ಹದ ಅಲ್ಲಿಗೇ ಹೋಯಿತು, ಪೂರ್ತಿ ಉಜ್ಜಿ ತೆಗೆಯಬೇಕಾಯಿತು. ಈಗ ಹದ ಹಾಕಿದ ಮೇಲೆ ಕಲ್ಲಿನಲ್ಲಿ, ನೀರು ಹಾಕಿಕೊಂಡು ಕೈಯಲ್ಲೇ ಮಸೆಯುತ್ತೇನೆ.

ಎರಡನೆಯದು ಪ್ರಶ್ನೆ. ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಒಂದು ಉಳಿ ಮಾಡಿದ್ದೆ. ಆಯಸ್ಕಾಂತ ಅಂಟದಷ್ಟು ಕಾಯಿಸಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಹಾಗೇ ಮಾಡಿ ಎಣ್ಣೆಗೆ ಹಾಕಿದೆ. ಅರ ಆಡಿಸಿದರೆ ಬೆಣ್ಣೆ ಹಾಗೆ ಕಚ್ಚಿತು. ಉಕ್ಕೇ ಸರಿಯಿಲ್ಲ ಅಂತ ಬಿಸಾಕಿದೆ. ತಪ್ಪು ಎಲ್ಲಿ?

ಲೋಹ ಪಾಠ, ಮಂಡ್ಯ

ಮೇಡಂ, ಉಕ್ಕು ಸರಿಯಾಗಿಯೇ ಇತ್ತು ಅನಿಸುತ್ತದೆ. ಕಾವು ಸಾಲಲಿಲ್ಲ. ನಾನು ಪಾಲಿಟೆಕ್ನಿಕ್‌ನಲ್ಲಿ ಇದನ್ನೇ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಬ್ಬಿಣ ಸುಮಾರು 770 ಡಿಗ್ರಿಗೆ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಆದರೆ ಗಡಸಾಗುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಗಡಸು ಬರಬೇಕಾದರೆ ಕಾದ ಕಬ್ಬಿಣದ ಒಳಗಿನ ಜೋಡಣೆ ಬದಲಾಗಬೇಕು, ಇಂಗಾಲ ಅದರಲ್ಲಿ ಕರಗಬೇಕು. ಸಾದಾ ಇಂಗಾಲದ ಉಕ್ಕಿನಲ್ಲಿ ಈ ಬದಲಾವಣೆ 727 ಡಿಗ್ರಿಗೆ ಶುರುವಾಗುತ್ತದೆ. ಅದಕ್ಕೇ ಸಿಲ್ವರ್ ಸ್ಟೀಲ್, ಓ.ಎಚ್.ಎನ್.ಎಸ್. ಅಂಥವಕ್ಕೆ ಆಯಸ್ಕಾಂತ ಬಿಟ್ಟ ಮೇಲೆ ಒಂಚೂರು ಜಾಸ್ತಿ ಕಾಯಿಸಿದರೆ ಲೆಕ್ಕ ಸರಿಹೋಗುತ್ತದೆ. ಸ್ಪ್ರಿಂಗ್ ಪಟ್ಟಿಗೆ ಬಳಸುವ ಇಎನ್ 45 ನಂಥ ಉಕ್ಕಿನಲ್ಲಿ ಸಿಲಿಕಾನ್ ಶೇ. 1.5ಕ್ಕಿಂತ ಹೆಚ್ಚಿರುತ್ತದೆ. ಸಿಲಿಕಾನ್ ಈ ಬದಲಾವಣೆಯನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೆ 900 ಡಿಗ್ರಿಯ ಹತ್ತಿರ ಬೇಕು. ನಿಮ್ಮ ಆಯಸ್ಕಾಂತ ಸುಳ್ಳು ಹೇಳಲಿಲ್ಲ, ಅದು ಹೇಳಿದ್ದು ಬೇರೆ ವಿಷಯ.

ಕರಗಿದ ಇಂಗಾಲ ನಿಧಾನವಾಗಿ ಆರಿದರೆ ಹೊರಗೆ ಬಂದು ಬೇರೆ ಕೂರುತ್ತದೆ, ಉಕ್ಕು ಮೆದುವಾಗುತ್ತದೆ. ಕೆಂಪಗೆ ಕಾಯಿಸಿ ಬೂದಿಯಲ್ಲಿ ರಾತ್ರಿಯಿಡೀ ಹೂಳುವುದು ಅದಕ್ಕೇ. ಥಟ್ಟನೆ ತಣ್ಣಗಾದರೆ ಇಂಗಾಲ ಒಳಗೇ ಸಿಕ್ಕಿಕೊಳ್ಳುತ್ತದೆ. ಜೋಡಣೆ ಎಲ್ಲ ಬಿಗಿದುಕೊಂಡು ಗಡಸಾಗುತ್ತದೆ, ಪೆಡಸೂ ಆಗುತ್ತದೆ. ಮತ್ತೆ 200ರಿಂದ 300 ಡಿಗ್ರಿಗೆ ಕಾಯಿಸಿದರೆ ಇಂಗಾಲ ಸ್ವಲ್ಪ ಸ್ವಲ್ಪ ಹೊರಬಂದು ಬಿಗಿ ಸಡಿಲಾಗುತ್ತದೆ. ಟೆಂಪರಿಂಗ್ ಅಂದರೆ ಇಷ್ಟೇ.

ಇನ್ನೊಂದು ಮಾತು, ನಮ್ಮ ಸೀಮೆಯದ್ದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತುವಾಗ ಮೂಸೆಯಲ್ಲಿ ಉಕ್ಕು ಮಾಡುವುದನ್ನು ನೋಡಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಆ ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಉಕ್ಕು ಮಾಡುತ್ತಿದ್ದದ್ದು. ಪರದೇಶದವರು ವೂಟ್ಜ್ ಅಂತ ಕರೆದ ಹೆಸರು ನಮ್ಮ ಉಕ್ಕು ಅನ್ನುವ ಪದದಿಂದಲೇ ಬಂದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೇಲಿ ಸಾಲಿನಲ್ಲಿ ಹಳದಿ ಹೂ ಬಿಟ್ಟ ತಂಗಡಿ ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಗಡಿಯಾರ ಮೇಜು, ಮೈಸೂರು

ಮುರಿದ ತುಂಡನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಲ್ಲುಸಕ್ಕರೆಯೇ! ಹರಳು ಬರಿಗಣ್ಣಿಗೂ ಕಾಣುತ್ತದೆ. ಜೊತೆಗೆ ಬಿರುಕು ಶುರುವಾದ ಕಡೆ ಹಳೆಯ ಹಲ್ಲಿನ ಗೀರು ಒಂದು ಉಳಿದಿತ್ತು. ಕುಲುಮೆಯ ತಮ್ಮನಿಗೆ ಥ್ಯಾಂಕ್ಸ್.

ಓ.ಎಚ್.ಎನ್.ಎಸ್. ಪಟ್ಟಿ ಸಿಕ್ಕಿದೆ, 3 ಮಿ.ಮೀ. ದಪ್ಪದ್ದೇ. ಟೂಲ್‌ರೂಮ್ ಸರ್, ಹಳೆ ಎಂಜಿನ್ ಆಯಿಲ್ ಬಳಸಬಹುದಾ? ಮನೆಯಲ್ಲಿ ಕೇಕ್ ಮಾಡುವ ಓ.ಟಿ.ಜಿ. ಇದೆ, ಟೆಂಪರಿಂಗ್ ಅದರಲ್ಲೇ ಆಗುತ್ತದಾ?

ಟೂಲ್‌ರೂಮ್, ಹೆಬ್ಬಾಳ ಮೈಸೂರು

ಹಳೆ ಎಂಜಿನ್ ಆಯಿಲ್ ಬೇಡ. ಅದರ ಹೊಗೆ ಕೆಟ್ಟದ್ದು, ಮನೆಯಲ್ಲಂತೂ ಬೇಡವೇ ಬೇಡ. ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ ಸಾಕು. ಎತ್ತರದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಕೈಗೆ ಸುರುಕ್ ಅನ್ನುವಷ್ಟು, 50-60 ಡಿಗ್ರಿ ಬಿಸಿ ಮಾಡಿ. ತಣ್ಣನೆ ಎಣ್ಣೆ ಮಂದ, ಕಾವನ್ನು ನಿಧಾನ ಎಳೆಯುತ್ತದೆ. ಡಬ್ಬಿಯ ಮುಚ್ಚಳ ಪಕ್ಕದಲ್ಲೇ ಇರಲಿ. ಉರಿ ಹತ್ತಿದರೆ ಮುಚ್ಚಬೇಕು, ನೀರು ಹಾಕಬಾರದು.

ಆಕಾರ ಪೂರ್ತಿ ಮುಗಿಸಿ. ಒಳಮೂಲೆ ಬರುವ ಕಡೆ ಮೊದಲು 1 ಮಿ.ಮೀ. ತೂತು ಕೊರೆದು, ಆಮೇಲೆ ಆ ತೂತಿನವರೆಗೆ ಅರ ಹಾಕಿ. ಮೂಲೆ ತಾನಾಗಿಯೇ ದುಂಡಗಾಗುತ್ತದೆ. ನಿಮ್ಮ ಹಿಂದಿನ ತುಂಡು ಒಡೆದದ್ದು ಅಲ್ಲೇ. ಎಲ್ಲ ಗೀರು ಹೋಗುವವರೆಗೆ ಎಮರಿ ಕಾಗದ ಉಜ್ಜಿ. ಬೋರಿಕ್ ಪೌಡರ್, ಕೇರಂ ಬೋರ್ಡ್‌ಗೆ ಹಾಕುತ್ತೇವಲ್ಲ, ಅದನ್ನು ಸ್ಪಿರಿಟ್‌ನಲ್ಲಿ ಕಲಸಿ ತೆಳುವಾಗಿ ಹಚ್ಚಿ. ಸ್ಪಿರಿಟ್ ಪೂರ್ತಿ ಆರಿದ ಮೇಲೇ ಟಾರ್ಚ್ ಹಚ್ಚಿ. ಕಾದಾಗ ಅದು ಗಾಜಿನ ಪೊರೆಯಾಗಿ ಕೂರುತ್ತದೆ. ಇಲ್ಲದಿದ್ದರೆ ಮೇಲ್ಮೈಯ ಇಂಗಾಲ ಸುಟ್ಟು ಹೋಗಿ ಮೂತಿಯ ಹೊರಪದರವೇ ಮೆದುವಾಗಿ ಉಳಿಯುತ್ತದೆ. ಸಣ್ಣ ಕೆಲಸಕ್ಕೆ ಇದು ದೊಡ್ಡ ನಷ್ಟ.

ಬಿಸಿಲಲ್ಲಿ ಕಾಯಿಸಬೇಡಿ, ಕೆಂಪು ಕಣ್ಣಿಗೆ ಕಾಣುವುದೇ ಇಲ್ಲ. ಸಂಜೆಯ ಮಬ್ಬಲ್ಲಿ, ಬೆಂಕಿ ಇಟ್ಟಿಗೆಯ ಗೂಡಿನೊಳಗೆ ಇಟ್ಟು ಕಾಯಿಸಿ. ತಂತಿಗೆ ಕಟ್ಟಿದ ಆಯಸ್ಕಾಂತ ಆಗಾಗ ತಾಗಿಸಿ. ಅದು ಬಿಟ್ಟ ಮೇಲೆ ದಾಳಿಂಬೆ ಕಾಳಿನ ಕೆಂಪು ಇನ್ನೊಂದು ಚೂರು ತಿಳಿಯಾಗುವವರೆಗೆ ಹೋಗಿ. ಅಂದಾಜು 800 ಡಿಗ್ರಿ. ಅಲ್ಲೇ ಎರಡು ಮೂರು ನಿಮಿಷ ಹಿಡಿದು ನಿಲ್ಲಿಸಿ, ಮೇಲೆ ಹೋಗಲು ಬಿಡಬೇಡಿ. ನೆಟ್ಟಗೆ, ಉದ್ದಕ್ಕೆ ಎಣ್ಣೆಗೆ ಇಳಿಸಿ. ಮೇಲೆ ಕೆಳಗೆ ಆಡಿಸಿ, ಅಡ್ಡ ಆಡಿಸಿದರೆ ಸೊಟ್ಟ ಆಗುತ್ತದೆ.

ತೆಗೆದ ಮೇಲೆ ಅರ ಜಾರಬೇಕು. ಜಾರಿತು ಅಂತ ಖುಷಿಯಲ್ಲಿ ನಾಳೆ ನೋಡೋಣ ಅನ್ನಬೇಡಿ. ಟೆಂಪರಿಂಗ್ ಅದೇ ಸಂಜೆ ಆಗಬೇಕು. ರಾತ್ರಿ ಮೇಜಿನ ಮೇಲಿಟ್ಟು ಹೋದ ಪಂಚ್ ಬೆಳಿಗ್ಗೆ ತಾನೇ ಸೀಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಓ.ಟಿ.ಜಿ. ಮೇಡಂ ಅವರ ಉಳಿಗೆ ಸರಿ. 220 ಡಿಗ್ರಿ, ಒಂದು ಗಂಟೆ, ಹುಲ್ಲಿನ ಬಣ್ಣ. ನಿಮ್ಮ ಕ್ಲಿಕ್‌ಗೆ ಸಾಲದು. ಅದು ಪ್ರತಿ ಟಕ್‌ಗೂ ಏಟು ತಿನ್ನುತ್ತದೆ. ನೇರಳೆ ದಾಟಿ ನೀಲಿ ಶುರುವಾಗುವ ಹದ, 280ರಿಂದ 300 ಬೇಕು. ಸಾಮಾನ್ಯವಾಗಿ ಓ.ಟಿ.ಜಿ. 250ಕ್ಕೆ ನಿಂತುಬಿಡುತ್ತದೆ. ಸಣ್ಣ ಬಾಣಲೆಯಲ್ಲಿ ಒಣ ಮರಳು ಹಾಕಿ ಸಣ್ಣ ಉರಿಯಲ್ಲಿಡಿ. ತುಂಡಿನ ಒಂದು ಮುಖವನ್ನು ಎಮರಿಯಲ್ಲಿ ಕನ್ನಡಿ ಮಾಡಿ, ಎಣ್ಣೆ ಜಿಡ್ಡು ಇಲ್ಲದ ಹಾಗೆ ಒರೆಸಿ, ಮರಳಿನ ಮೇಲಿಡಿ. ಬಣ್ಣ ನೋಡುತ್ತಾ ಕೂರಿ.

ಕುಲುಮೆಯ ಹುಡುಗನಿಗೆ: ನಿಮ್ಮ ತಾತ ಮಾಡಿದ್ದು ಸರಿ. ತುಂಡು ಪರೀಕ್ಷೆ ಮಾಡಿದ ಮೇಲೆ ಅದು ಗೊತ್ತಿಲ್ಲದ ಉಕ್ಕಲ್ಲ. ನಾನು ಬರೆದದ್ದು ಸ್ವಲ್ಪ ಬಿರುಸಾಯಿತು. ನಿಜ ಹೇಳಬೇಕಾದರೆ ಸ್ಪ್ರಿಂಗ್ ಪಟ್ಟಿಯಲ್ಲಿ ಕ್ಲಿಕ್ ಚೆನ್ನಾಗಿಯೇ ಬರುತ್ತದೆ.

ಆಲೆಮನೆ, ಮದ್ದೂರು

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನಮ್ಮ ಕಬ್ಬಿನ ಗಾಣದ ಗೇರ್‌ನ ಕೀ, ಅಂದರೆ ಗೇರನ್ನು ಶಾಫ್ಟಿಗೆ ಬಿಗಿಯುವ ಸಣ್ಣ ತುಂಡು, ವರ್ಷಕ್ಕೆ ಎರಡು ಸಲ ಕತ್ತರಿಸಿ ಹೋಗುತ್ತದೆ. ಅದಕ್ಕೂ ಹೀಗೇ ಹದ ಹಾಕಿಸಲಾ? ಒಬ್ಬರು ಸೈನೈಡ್ ಉಪ್ಪಿನಲ್ಲಿ ಗಡಸು ಮಾಡಿಕೊಡುತ್ತೇನೆ ಅಂದರು.

ಟೂಲ್‌ರೂಮ್, ಹೆಬ್ಬಾಳ ಮೈಸೂರು

ಬೇಡ ಸ್ವಾಮಿ, ಎರಡೂ ಬೇಡ. ಸೈನೈಡ್ ಜೀವ ತೆಗೆಯುವ ವಿಷ. ಪಾಕ ಕಾಯಿಸುವ ಜಾಗದ ಹತ್ತಿರಕ್ಕೂ ಅದು ಬರಬಾರದು.

ಕೀ ಕತ್ತರಿಸುತ್ತಿದೆ ಅಂದರೆ ಅದು ನಿಮ್ಮ ಗೇರ್ ಉಳಿಸುತ್ತಿದೆ. ಕಬ್ಬು ಜಾಸ್ತಿ ತುರುಕಿದಾಗ ಯಾವುದಾದರೂ ಒಂದು ಮುರಿಯಲೇಬೇಕು. ಕೀ ಗಡಸು ಮಾಡಿದರೆ ಹಲ್ಲು ಹೋಗುತ್ತದೆ, ಇಲ್ಲವೇ ಶಾಫ್ಟ್ ಸೀಳುತ್ತದೆ. ಇಎನ್ 8 ಪಟ್ಟಿಯನ್ನು ತಂದ ಹಾಗೇ, ಕಾಯಿಸದೆ, ಕೀ ಕೂರುವ ಕಾಲುವೆಯಲ್ಲಿ ಅಲುಗಾಡದಂತೆ ಬಿಗಿಯಾಗಿ ಕೂರಿಸಿ. ಸಡಿಲ ಕೀ ಬೇಗ ಹೋಗುತ್ತದೆ. ಎರಡು ಕೀ ಹೆಚ್ಚಿಗೆ ಮಾಡಿಸಿ ಇಟ್ಟುಕೊಳ್ಳಿ.

ಎಂ.ಎಸ್. ಪಿನ್ನಿನ ಮೈ ಮಾತ್ರ ಸವೆಯುತ್ತಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಇದ್ದಿಲ ಪುಡಿ ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಪಿನ್ ಹೂತು, ಸಂದಿಗೆ ಜೇಡಿಮಣ್ಣು ಮೆತ್ತಿ, 900 ಡಿಗ್ರಿಯಲ್ಲಿ ಕೆಲವು ಗಂಟೆ ಇಡುವುದು. ಇಂಗಾಲ ಹೊರಗಿನಿಂದ ಒಳಕ್ಕೆ ಅರ್ಧ ಮಿಲಿಮೀಟರ್ ಆಸುಪಾಸು ಇಳಿಯುತ್ತದೆ. ಆಮೇಲೆ ಹಾರ್ಡನಿಂಗ್ ಮಾಡಿದರೆ ಮೈ ಗಡಸು, ಒಳಗೆ ಮೆದು. ಇದನ್ನು ಹೀಟ್ ಟ್ರೀಟ್‌ಮೆಂಟ್ ಮಾಡುವವರ ಕೈಯಲ್ಲೇ ಮಾಡಿಸಿ.

ಗಡಿಯಾರ ಮೇಜು, ಮೈಸೂರು

ಹತ್ತು ದಿನ ಆಯಿತು, ಬರೆಯುವುದು ತಡವಾಯಿತು. ಕ್ಲಿಕ್ ಆಯಿತು!

ಮೊದಲು ಅದೇ ಪಟ್ಟಿಯ ಒಂದು ಚೂರನ್ನು ಹದ ಹಾಕಿ, ಬಟ್ಟೆಯಲ್ಲಿ ಸುತ್ತಿ ಮುರಿದು ನೋಡಿದೆ. ಮಕಮಲ್ ಅಂದದ್ದು ಏನು ಅಂತ ಈಗ ಗೊತ್ತಾಯಿತು. ಆಮೇಲೆ ನಿಜವಾದ ತುಂಡು. ಸಂಜೆ ಆರೂವರೆಗೆ ಟಾರ್ಚ್ ಹಚ್ಚಿದೆ. ಆಯಸ್ಕಾಂತ ಬಿಟ್ಟಿತು, ಇನ್ನೊಂದು ಚೂರು ಕಾಯಿಸಿದೆ, ಎಣ್ಣೆಗೆ ಇಳಿಸಿದೆ. ಈ ಸಲ ಟಿಣ್ ಅನ್ನಲಿಲ್ಲ. ಬುಸ್ ಅಂದು ಸುಮ್ಮನಾಯಿತು. ಅರ ಜಾರಿದಾಗ ಕೈ ಸ್ವಲ್ಪ ನಡುಗಿತು.

ಮರಳಿನ ಬಾಣಲೆ ಮುಂದೆ ಹದಿನೈದು ನಿಮಿಷ ಕೂತೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ತೆಳು ಮೂತಿಯಲ್ಲಿ ಹುಲ್ಲಿನ ಬಣ್ಣ ಕಂಡಿತು. ಅಲ್ಲಿಂದ ಕಂದು, ನೇರಳೆ ಎಲ್ಲ ಬೇಗ ಬೇಗ ಬಂದವು. ಮೂತಿ ನೀಲಿಗೆ ತಿರುಗುವಾಗ ದಪ್ಪ ಭಾಗ ಇನ್ನೂ ನೇರಳೆ. ಅಲ್ಲಿಗೆ ಇಕ್ಕಳದಿಂದ ತೆಗೆದು ಎಣ್ಣೆಗೆ ಹಾಕಿದೆ.

ಕೂರಿಸಿ ಕೀ ಕೊಟ್ಟೆ. ಹದಿನಾಲ್ಕು ಸುತ್ತು, ಪ್ರತಿ ಹಲ್ಲಿಗೂ ಟಕ್ ಅಂತ ಗಟ್ಟಿ ಸದ್ದು. ಎಂಟು ದಿನ ಓಡಿ, ಮೊನ್ನೆ ಎರಡನೆಯ ಸಲ ಕೀ ಕೊಟ್ಟಿದ್ದೇನೆ. ಭೂತಗನ್ನಡಿಯಲ್ಲಿ ಮೂತಿ ಹಾಗೇ ಚೂಪಾಗಿದೆ. ಫೋಟೋ ಹಾಕಿದ್ದೇನೆ.

ಬೀಟೆ ಕೆತ್ತನೆ, ಮೈಸೂರು

ಎಷ್ಟು ಚೆನ್ನಾಗಿ ಬಂದಿದೆ! ನನ್ನ ಬಿಸಾಕಿದ ಉಳಿಯನ್ನು ಹುಡುಕಿ ತೆಗೆದೆ. ಈ ಭಾನುವಾರ ಇನ್ನೂ ಜಾಸ್ತಿ ಕಾಯಿಸಿ ನೋಡುತ್ತೇನೆ.

ಕುಲುಮೆ ಹುಡುಗ, ಮಂಡ್ಯ

ಅಣ್ಣ, ಫೋಟೋವನ್ನು ತಾತನಿಗೆ ತೋರಿಸಿದೆ. ಕಣ್ಣು ಸ್ವಲ್ಪ ಮಂಜು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಮೂತಿಯಲ್ಲಿ ನೀಲಿ ಒಂದು ಎಳೆ ಹೆಚ್ಚು ಓಡಿದೆಯಂತೆ. ಮುಂದಿನ ಸಲ ದಪ್ಪ ಭಾಗವನ್ನು ಮರಳಿನೊಳಗೆ ಹೂತು, ಮೂತಿಯನ್ನು ಮೇಲಕ್ಕೆ ಬಿಟ್ಟು ಇಡಲು ಹೇಳಿದರು. ಕಾವು ದಪ್ಪದಿಂದ ತೆಳುವಿಗೆ ಬರಲಿ ಅಂತ. ಮೇಡಂ, ಉಳಿಗೂ ಇದೇ ಹೇಳಿದರು.